ಮನೆಯಲ್ಲಿ ಅಕ್ಷರ ಕಲಿಸುವುದು: ‘ಕುದ್ರೆ’ಯಿಂದ ‘ಕುದುರೆ’ಗೆ

ಶೃಂಗೇರಿಗೆ ಹೋಗಿ ಅಕ್ಷರಾಭ್ಯಾಸ ಮಾಡಿಸಿಕೊಂಡು ಬಂದಾಯಿತು. ತಟ್ಟೆಯ ಅಕ್ಕಿ ಪಾಯಸಕ್ಕೆ ಹೋಯಿತು, ಪೇಟೆಯಿಂದ ತಂದ ವರ್ಣಮಾಲೆಯ ಚಾರ್ಟು ಗೋಡೆ ಏರಿತು. ಎರಡು ತಿಂಗಳೊಳಗೆ ಮಗು ‘ಅ’ದಿಂದ ‘ಳ’ದವರೆಗೆ 49 ಅಕ್ಷರಗಳನ್ನೂ ಒಂದೇ ಉಸಿರಿಗೆ ಒಪ್ಪಿಸುತ್ತದೆ. ನೆಂಟರ ಮುಂದೆ ಅದು ಚೆನ್ನಾಗಿಯೇ ಕಾಣುತ್ತದೆ. ಚಾರ್ಟಿನ ನಡುವೆ ಎಲ್ಲೋ ಬೆರಳಿಟ್ಟು ‘ಇದು ಯಾವುದು ಪುಟ್ಟ?’ ಅಂದಾಗ ಮಾತ್ರ ಗುಟ್ಟು ಹೊರಬೀಳುತ್ತದೆ. ಮಗು ‘ಕ ಖ ಗ ಘ’ ಎಂದು ಮೊದಲಿಂದ ಹಾಡಿಕೊಂಡು ಬೆರಳಿರುವ ಜಾಗಕ್ಕೆ ಬರುತ್ತದೆ. ಅದಕ್ಕೆ ಬಂದಿರುವುದು ಹಾಡು. ಅಕ್ಷರ ಇನ್ನೂ ಬಂದಿಲ್ಲ.

ಇಲ್ಲಿ ಹೇಳುವ ಕ್ರಮ ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ. ದಿನಕ್ಕೆ 10ರಿಂದ 15 ನಿಮಿಷ ಸಾಕು. ಭಾನುವಾರ ಒಂದು ಗಂಟೆ ಕೂರಿಸಿ ವಾರವಿಡೀ ಬಿಡುವುದಕ್ಕಿಂತ ದಿನಾ ಹತ್ತು ನಿಮಿಷ ಎಷ್ಟೋ ಮೇಲು. ಶುರು ಮಾಡುವ ಮುನ್ನ ಒಂದು ವಿಷಯ ಮನಸ್ಸಿನಲ್ಲಿರಲಿ: ಚಿಕ್ಕ ಮಕ್ಕಳ ಕಾಗುಣಿತದ ತಪ್ಪುಗಳಲ್ಲಿ ಬಹುಪಾಲು ಉದಾಸೀನದಿಂದ ಬಂದವಲ್ಲ. ಮಗು ತನ್ನ ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆಯೇ ಬರೆಯುತ್ತದೆ. ಹಾಗಾಗಿ ಕೆಲಸ ಶುರುವಾಗಬೇಕಾದ್ದು ಕಿವಿಯಿಂದ.

ಸ್ಲೇಟು ಮುಟ್ಟುವ ಮುಂಚೆ

ಮೊದಲ ಎರಡು ಮೂರು ವಾರ ಬರಹವೇ ಬೇಡ. ಒಂದು ಬಟ್ಟಲಿನಲ್ಲಿ ಹುಣಸೆ ಬೀಜವನ್ನೋ ಒಣಗಿದ ಅವರೆಕಾಳನ್ನೋ ಇಟ್ಟುಕೊಳ್ಳಿ. ತೋಟದ ಮನೆಯಾದರೆ ಕಾಫಿ ಬೀಜವೇ ಇರುತ್ತದೆ. ಒಂದು ಪದ ಹೇಳಿ, ಚಪ್ಪಾಳೆ ತಟ್ಟುತ್ತಾ ಬಿಡಿಸಿ, ತಟ್ಟಿದಷ್ಟು ಬೀಜ ಇಡಿಸಿ. ಹಾ-ಸ-ನ, ಮೂರು ಬೀಜ. ಕ-ಡೂ-ರು, ಮೂರು. ಸ-ಕ-ಲೇ-ಶ-ಪು-ರ, ಆರು. ಈ ಹಂತದಲ್ಲಿ ಒತ್ತಕ್ಷರವಿಲ್ಲದ ಪದಗಳನ್ನೇ ಆರಿಸಬೇಕು. ‘ಅಕ್ಕ’ ಎಂಬುದನ್ನು ಬಾಯಿ ‘ಅಕ್-ಕ’ ಎಂದು ಒಡೆಯುತ್ತದೆ, ಬರಹ ‘ಅ-ಕ್ಕ’ ಎಂದು ಒಡೆಯುತ್ತದೆ. ಆ ಜಗಳವನ್ನು ಈಗಲೇ ಎಬ್ಬಿಸುವುದು ಬೇಡ.

ಬೀಜದ ಆಟ ಬಂದ ಮೇಲೆ ಮೊದಲ ಸದ್ದಿನ ಆಟ. ‘ಮರ, ಮನೆ, ಬಳೆ, ಮಳೆ: ಇದರಲ್ಲಿ ಗುಂಪಿಗೆ ಸೇರದ್ದು ಯಾವುದು?’ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಲೇ ಆಡಬಹುದು. ಆಮೇಲೆ ಕೊನೆಯ ಸದ್ದು. ಬೇಲೂರು, ಆಲೂರು, ಕಡೂರು, ಬೀರೂರು: ಕೊನೆಯಲ್ಲಿ ಒಂದೇ ಥರ ಏನು ಕೇಳುತ್ತದೆ? ತರೀಕೆರೆ, ಅರಸೀಕೆರೆ, ಮೂಡಿಗೆರೆ: ಇಲ್ಲೇನು? ಮುಂದೆ ಬಸ್‌ಸ್ಟ್ಯಾಂಡಿನ ಬೋರ್ಡು ಓದುವಾಗ ಈ ಆಟ ಬಡ್ಡಿಸಮೇತ ವಾಪಸು ಬರುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ್ದು ಹ್ರಸ್ವ-ದೀರ್ಘಕ್ಕೆ. ಕನ್ನಡದಲ್ಲಿ ಎಳೆದರೆ ಅರ್ಥವೇ ಬದಲಾಗುತ್ತದೆ: ಬೆಳೆ–ಬೇಳೆ, ಒಲೆ–ಓಲೆ, ಕರು–ಕಾರು, ಮರಿ–ಮಾರಿ, ಕೊಡು–ಕೋಡು. ಹ್ರಸ್ವಕ್ಕೆ ಒಂದು ಚಿಟಿಕೆ, ದೀರ್ಘಕ್ಕೆ ಕೈಯನ್ನು ಗಾಳಿಯಲ್ಲಿ ಉದ್ದಕ್ಕೆ ಎಳೆಯುವುದು. ಎರಡರಲ್ಲಿ ಒಂದನ್ನು ನೀವು ಹೇಳಿ, ಯಾವುದೆಂದು ಮಗು ಕೈಯಲ್ಲಿ ತೋರಿಸಲಿ. ಹತ್ತಕ್ಕೆ ಎಂಟು ಸರಿಯಾಗುವ ತನಕ ಅಕ್ಷರಕ್ಕೆ ಅವಸರಿಸಬೇಡಿ. ಮೂರನೇ ತರಗತಿಗೆ ಬಂದರೂ ‘ಬೇಳೆ’ ಬರೆಯಬೇಕಾದಲ್ಲಿ ‘ಬೆಳೆ’ ಬರೆಯುವ ಮಕ್ಕಳಲ್ಲಿ ಹೆಚ್ಚಿನವರಿಗೆ ಚಿಹ್ನೆಗಳು ಗೊತ್ತಿರುತ್ತವೆ. ಎಳೆತ ಮಾತ್ರ ಕಿವಿಗೆ ಬಿದ್ದಿರುವುದಿಲ್ಲ.

ಮಗುವಿಗೆ ಪದೇ ಪದೇ ಕಿವಿ ಸೋರುವುದು, ಹಿಂದಿನಿಂದ ಕರೆದರೆ ತಿರುಗದಿರುವುದು, ನಾಲ್ಕೂವರೆ ವರ್ಷವಾದರೂ ಹೊರಗಿನವರಿಗೆ ಮಾತು ಅರ್ಥವಾಗದಿರುವುದು, ಇವುಗಳಲ್ಲಿ ಯಾವುದಿದ್ದರೂ ಮೊದಲು ಕಿವಿ ಪರೀಕ್ಷೆ ಆಗಲಿ. ಜಿಲ್ಲಾಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಿಂದ ಆರಂಭಿಸಬಹುದು. ಇನ್ನೂ ವಿವರವಾದ ತಪಾಸಣೆ ಬೇಕಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಯಾವ ಅಕ್ಷರ ಮೊದಲು

‘ಅ’ದಿಂದಲೇ ಶುರುವಾಗಬೇಕೆಂಬ ನಿಯಮವೇನಿಲ್ಲ. ವರ್ಣಮಾಲೆಯ ಕ್ರಮವನ್ನು ಕಟ್ಟಿರುವುದು ಸದ್ದು ಬಾಯಲ್ಲಿ ಹುಟ್ಟುವ ಜಾಗ ನೋಡಿ. ವ್ಯಾಕರಣಕ್ಕೆ ಅದು ಬಹಳ ಅಚ್ಚುಕಟ್ಟು. ಐದು ವರ್ಷದ ಮಗುವಿಗೆ ಆ ದಾರಿಯಲ್ಲಿ ಆರನೇ ಮೆಟ್ಟಿಲಿಗೇ ‘ಈ’, ‘ಊ’ಗಳಂಥ ಸುರುಳಿ ಎದುರಾಗುತ್ತವೆ, ಓದಲು ಒಂದು ಪದವೂ ಸಿಕ್ಕಿರುವುದಿಲ್ಲ. ಸರ್ಕಾರಿ ಶಾಲೆಗಳ ನಲಿ-ಕಲಿ ಇದನ್ನು ಬೇರೆ ರೀತಿ ಬಿಡಿಸಿಕೊಂಡಿತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾದ ಆ ಪದ್ಧತಿಯ ಮೊದಲ ಗುಂಪು ‘ರ ಗ ಸ ದ ಅ’, ಎರಡನೆಯದು ‘ಜ ವ ಮ ಬ ನ’. ಬರೆಯಲು ಸುಲಭ, ಒಂದರ ತಿರುವು ಇನ್ನೊಂದಕ್ಕೆ ನೆರವಾಗುತ್ತದೆ, ಮತ್ತು ಐದೇ ಅಕ್ಷರ ಬಂದರೂ ಸರ, ರಸ, ದರ, ಅರಸ, ಅಗಸ ಎಂದು ಓದಬಹುದು. ಎರಡನೇ ಗುಂಪು ಸೇರಿದಾಗ ಮರ, ವನ, ಜನ, ದನ, ಗಜ, ಬಸವ, ದವಸ ಸಿಗುತ್ತವೆ. ಮಗುವಿಗೆ ‘ನಾನು ಓದಿದೆ’ ಅನ್ನಿಸಬೇಕಾದ್ದು ಎರಡನೇ ವಾರದಲ್ಲಿ, ಎರಡನೇ ವರ್ಷದಲ್ಲಲ್ಲ.

34 ವ್ಯಂಜನಗಳೂ ಒಟ್ಟಿಗೆ ಬೇಕಿಲ್ಲ. ಖ, ಘ, ಫ ಥರದ ಹತ್ತು ಮಹಾಪ್ರಾಣಗಳನ್ನೂ, ಬಿಡಿಯಾಗಿ ಬರೆಯುವ ಸಂದರ್ಭವೇ ಇಲ್ಲವೆನ್ನಬಹುದಾದ ‘ಙ, ಞ’ಗಳನ್ನೂ ಪಕ್ಕಕ್ಕಿಟ್ಟರೆ 22 ಉಳಿಯುತ್ತವೆ. ಮನೆ, ತೋಟ, ಅಡುಗೆ, ದನಕರುವಿನ ಮಾತೆಲ್ಲ ಹೆಚ್ಚುಕಡಿಮೆ ಅಷ್ಟರಲ್ಲೇ ಮುಗಿಯುತ್ತದೆ. ಚಿಕ್ಕಮಗಳೂರಿನ ಕಡೆ ‘ಫ’ ಮಾತ್ರ ಸರತಿ ಮುರಿದು ಮುಂದೆ ಬರುತ್ತದೆ, ‘ಕಾಫಿ’ ಎಂಬ ಬೋರ್ಡಿಲ್ಲದ ರಸ್ತೆ ಇಲ್ಲವಲ್ಲ. ಬರಲಿ ಬಿಡಿ.

ಒಂದು ಗುಂಪಿಗೆ ಹತ್ತು ಹದಿನೈದು ದಿನ. ಒಂದು ಅಕ್ಷರವನ್ನು ಪರಿಚಯಿಸುವುದು ಹೀಗೆ: ಮೊದಲು ಸದ್ದು, ಆ ಸದ್ದಿನ ನಾಲ್ಕೈದು ಪದ, ಆಮೇಲೆ ಆಕಾರ, ಕೊನೆಗೆ ಹುಡುಕಾಟ. ‘ಸ’ ಆದರೆ ಸರ, ಸಕ್ಕರೆ, ಸಗಣಿ, ಸಂತೆ ಎಂದು ಬಾಯಲ್ಲಿ ಹೇಳಿಸಿ, ಸ್ಲೇಟಿನಲ್ಲಿ ದೊಡ್ಡದಾಗಿ ಬರೆದು ತೋರಿಸಿ, ಹಳೆಯ ದಿನಪತ್ರಿಕೆಯ ದಪ್ಪಕ್ಷರದ ತಲೆಬರಹದಲ್ಲಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಸುತ್ತು ಹಾಕಿಸಿ. ಮರುದಿನ ಮೂರು ಚೀಟಿಯಲ್ಲಿ ಸ, ರ, ಗ ಬರೆದು ಕಲೆಸಿ, ‘ಸ ಕೊಡು’ ಅನ್ನಿ. ಚೀಟಿಗಳನ್ನು ಪ್ರತಿಸಲವೂ ಕಲೆಸಲೇಬೇಕು. ಜಾಗ ನೆನಪಿಟ್ಟುಕೊಂಡು ಗೆಲ್ಲುವುದರಲ್ಲಿ ಮಕ್ಕಳು ಜಾಣರು.

ಚಾರ್ಟಿನ ಪದಗಳ ಬಗ್ಗೆ ಒಂದು ಮಾತು. ಉ ಎಂದರೆ ಉಡ, ಈ ಎಂದರೆ ಈಶ. ಉಡವನ್ನು ಎಷ್ಟು ಮಕ್ಕಳು ನೋಡಿದ್ದಾರೆ? ಉಪ್ಪು, ಈರುಳ್ಳಿ, ಏಲಕ್ಕಿ, ಒಲೆ ಎನ್ನಿ, ಡಬ್ಬಿ ತೆಗೆದು ಕೈಗೇ ಕೊಡಿ.

ಕೈಗೆ

ಊಟದ ತಟ್ಟೆಯಲ್ಲಿ ಎರಡು ಹಿಡಿ ರವೆ, ತಳ ಕಾಣದಷ್ಟು ತೆಳ್ಳಗೆ. ಅಕ್ಕಿಗಿಂತ ರವೆ ವಾಸಿ. ಅಕ್ಕಿಕಾಳು ಗೀರಿನೊಳಗೆ ಉರುಳಿ ಅಕ್ಷರ ಮುಚ್ಚಿಹೋಗುತ್ತದೆ. ಬೆರಳಲ್ಲಿ ಬಂದ ಮೇಲೆ ಸ್ಲೇಟು. ಬಳಪವನ್ನು ಮುರಿದು ಬೆರಳಿನ ಎರಡು ಗೆಣ್ಣಿನಷ್ಟು ಗಿಡ್ಡ ಮಾಡಿ ಕೊಡಿ. ಉದ್ದ ಬಳಪವನ್ನು ಮಗು ಮುಷ್ಟಿಯಲ್ಲಿ ಹಿಡಿಯುತ್ತದೆ, ಗಿಡ್ಡದ್ದನ್ನು ಮೂರು ಬೆರಳಲ್ಲೇ ಹಿಡಿಯಬೇಕಾಗುತ್ತದೆ. ಬಳಪ ತಿನ್ನುವ ಮಗುವಾದರೆ ಒದ್ದೆ ಬಟ್ಟೆಯ ತುದಿಯಿಂದ ಸಿಮೆಂಟಿನ ಜಗಲಿ ಮೇಲೆ ಬರೆಸಿ. ಶಾಲೆಯಲ್ಲಿ ಯಾವ ತುದಿಯಿಂದ ಶುರು ಮಾಡಿಸುತ್ತಾರೋ ಮನೆಯಲ್ಲೂ ಅಲ್ಲಿಂದಲೇ ಬರೆಸಿ. ತಲೆಕಟ್ಟನ್ನು ಮಾತ್ರ ಬೇರೆ ತುಂಡೆಂದು ತೋರಿಸಿಕೊಡಿ, ‘ಇದು ಟೋಪಿ, ತೆಗೆಯಬಹುದು’ ಎಂದು. ಕಾಗುಣಿತದಲ್ಲಿ ಇದರ ಉಪಯೋಗ ತಿಳಿಯುತ್ತದೆ. ಆರು ವರ್ಷದೊಳಗೆ ಅಕ್ಷರ ತಿರುಗುಮುರುಗಾದರೆ ಗಾಬರಿ ಬೇಡ.

ಕಾಗುಣಿತ: ಅಡ್ಡಕ್ಕೆ ಕಲಿಸಿ

‘ಕ ಕಾ ಕಿ ಕೀ’ ಎಂದು ಒಂದೇ ಅಕ್ಷರದ ಬಳ್ಳಿಯನ್ನು ಉದ್ದಕ್ಕೆ ಬಾಯಿಪಾಠ ಮಾಡಿಸಿದರೆ ಮತ್ತೆ ಹಾಡೇ ಬರುತ್ತದೆ. ‘ಕೆ’ ಕೇಳಿದರೆ ಮಗು ‘ಕ’ದಿಂದ ಲೆಕ್ಕ ಹಾಕುತ್ತದೆ. ಒಂದು ಚಿಹ್ನೆಯನ್ನು ಹಿಡಿದು ಗೊತ್ತಿರುವ ಅಕ್ಷರಗಳಿಗೆಲ್ಲ ಹಚ್ಚುವುದು ಒಳ್ಳೆಯ ದಾರಿ. ಮೊದಲ ವಾರ ಇಳಿ ಮಾತ್ರ: ರಾ, ಗಾ, ಸಾ, ದಾ, ನಾ. ಆ ವಾರ ‘ದರ’ ಹೋಗಿ ‘ದಾರ’ವಾಗುತ್ತದೆ, ‘ಸರ’ ‘ಸಾರ’ವಾಗುತ್ತದೆ, ‘ನಗ’ ‘ನಾಗ’, ‘ದನ’ ‘ದಾನ’. ಒಂದೇ ಗೀರು ಅರ್ಥ ಬದಲಿಸಿದ್ದು ಮಗುವಿಗೆ ಕಣ್ಣಾರೆ ಕಾಣುತ್ತದೆ. ಮುಂದಿನ ವಾರ ಗುಡಿಸು: ಮರಿ, ನರಿ, ಬಿಸಿ, ಗಿರಿ. ಆಮೇಲೆ ಕೊಂಬು: ಗುರು, ಮಗು. ಆಮೇಲೆ ಎತ್ವ: ಮನೆ, ಬದನೆ. ಅವುಗಳ ದೀರ್ಘಗಳು ಅದಾದ ಮೇಲೆ. ಒತ್ವ, ಓತ್ವ ಬರುವಾಗ ‘ಎತ್ವ ಮೇಲೆ, ಕೊಂಬಿನ ಇಳಿ ಪಕ್ಕಕ್ಕೆ’ ಎಂದು ಹಳೆಯ ತುಂಡುಗಳಿಂದಲೇ ಕಟ್ಟಿ ತೋರಿಸಬಹುದು. ವಟ್ರಸುಳಿ, ಐತ್ವ, ಔತ್ವಕ್ಕೆ ಆತುರವಿಲ್ಲ.

ಟೋಪಿ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ: ಗುಡಿಸು, ಎತ್ವ ಬಂದಾಗ ತಲೆಕಟ್ಟು ಜಾಗ ಬಿಡುತ್ತದೆ, ಕೊಂಬು ಬಂದಾಗ ತಲೆಕಟ್ಟು ಇದ್ದಲ್ಲೇ ಇರುತ್ತದೆ. ಇದನ್ನು ಯಾರೂ ಬಿಡಿಸಿ ಹೇಳದ ಕಾರಣ ಎಷ್ಟೋ ಮಕ್ಕಳು ತಲೆಕಟ್ಟನ್ನೂ ಉಳಿಸಿಕೊಂಡು ಅದರ ಮೇಲೆ ಗುಡಿಸು ಏರಿಸುತ್ತಾರೆ. ಇನ್ನೊಂದು ಎಡವುವ ಜಾಗ ‘ಪು, ವು’. ‘ಕು, ಗು’ಗಳಲ್ಲಿ ಬಲಕ್ಕೆ ನಿಲ್ಲುವ ಕೊಂಬು ಇಲ್ಲಿ ಕೆಳಕ್ಕೆ ಇಳಿಯುತ್ತದೆ. ಮಾಮೂಲಿ ಜಾಗದಲ್ಲೇ ಹಚ್ಚಿದರೆ ‘ವ’ ಹೋಗಿ ‘ಮ’ದ ಹಾಗೆ ಕಾಣುತ್ತದೆ. ‘ಹಾವು’ ಬರೆಸಿದರೆ ‘ಹಾಮ’ ಎಂದು ಓದುವಂತಿದ್ದರೆ ಕಾರಣ ಇದೇ. ಹಾವು, ಹೂವು, ನೋವು, ಪುರಿ, ಹುಳಿಪುಡಿ ಎಂದು ಇವನ್ನೇ ಒಂದು ದಿನ ಬರೆಸಿ.

ಮನೆಮಾತು ಒಂದು, ಬರಹ ಇನ್ನೊಂದು

ಹಾಸನ, ಚಿಕ್ಕಮಗಳೂರಿನ ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚು ತಾಳ್ಮೆ ಬೇಕಾಗುವುದು ಇಲ್ಲಿ. ಅಜ್ಜಿ ಆಡುವ ಮಾತು ತಪ್ಪಲ್ಲ, ‘ಹಾಗೆ ಅನ್ನಬೇಡ’ ಎಂದು ಮಗುವಿನ ಬಾಯಿಗೆ ಬೀಗ ಹಾಕುವುದೂ ಸಲ್ಲ. ‘ಬಾಯಲ್ಲಿ ಹೀಗೆ, ಪುಸ್ತಕದಲ್ಲಿ ಹೀಗೆ’ ಎಂಬ ಎರಡು ಖಾನೆ ಮಾಡಿಕೊಟ್ಟರೆ ಐದು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಮೊದಲನೆಯದು ನಡುವಿನ ಸ್ವರ ಬಿದ್ದುಹೋಗುವುದು. ನಾವು ಆಡುವುದು ಕುದ್ರೆ, ಮೊಸ್ರು, ಹೆಸ್ರು, ಕೆಲ್ಸ, ಬಿಸ್ಲು. ಮಗು ಬರೆಯುವುದೂ ಅದನ್ನೇ. ‘ಕುದ್ರೆ’ ಬರೆದ ಮಗುವಿಗೆ ಒತ್ತಕ್ಷರ ಚೆನ್ನಾಗಿ ಬಂದಿದೆ ಎಂದೇ ಲೆಕ್ಕ. ಇಲ್ಲಿ ಮತ್ತೆ ಬೀಜಗಳನ್ನು ತನ್ನಿ. ‘ಪುಸ್ತಕದ ಮಾತಿನಲ್ಲಿ’ ನಿಧಾನವಾಗಿ ಕು-ದು-ರೆ ಎಂದು ಮೂರು ಬೀಜ ಇಡಿಸಿ. ಬಾಯಿಮಾತಿಗೆ ಎರಡು, ಪುಸ್ತಕದ ಮಾತಿಗೆ ಮೂರು. ಕಳೆದುಹೋದ ಬೀಜ ಯಾವುದೆಂದು ಮಗುವೇ ಹುಡುಕಲಿ. ಬಿಸ್ಲು–ಬಿ-ಸಿ-ಲು, ಮೊಸ್ರು–ಮೊ-ಸ-ರು. ವಾರಕ್ಕೆ ಇಂಥ ಐದು ಪದ ಸಾಕು.

ಎರಡನೆಯದು ‘ಹ’. ಹಬ್ಬ ‘ಅಬ್ಬ’ವಾಗುವ, ಹಾಲು ‘ಆಲು’ವಾಗುವ ಮನೆಯಲ್ಲಿ ಮಗು ತನ್ನ ಊರು ಹಾಸನವನ್ನೇ ‘ಆಸನ’ ಎಂದು ಬರೆದರೆ ನಗಬೇಡಿ. ತಿದ್ದಲು ಹೊರಟರೆ ಅತಿಯಾಗಿ ತಿದ್ದಿಕೊಂಡು ‘ಅಕ್ಕಿ ತಿಂದೆ’ ಎನ್ನುವಲ್ಲಿ ‘ಹಕ್ಕಿ ತಿಂದೆ’ ಬರೆಯುವುದೂ ಉಂಟು. ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ. ‘ಹ’ ಎಂದಾಗ ಬಿಸಿಯುಸಿರು ತಾಗುತ್ತದೆ, ‘ಅ’ ಎಂದಾಗ ಹಾಗೆ ತಾಗುವುದಿಲ್ಲ. ಅಕ್ಕಿ–ಹಕ್ಕಿ, ಅಲ್ಲಿ–ಹಲ್ಲಿ, ಏಳು–ಹೇಳು, ಉಳಿ–ಹುಳಿ, ಈ ಜೋಡಿಗಳನ್ನು ಅಂಗೈ ಹಿಡಿದೇ ಆಡಿಸಬೇಕು. ಮುಂದೆ ಮಹಾಪ್ರಾಣ ಕಲಿಸುವಾಗಲೂ ಇದೇ ಅಂಗೈ ಕೆಲಸಕ್ಕೆ ಬರುತ್ತದೆ.

ಪದದ ಮೊದಲಲ್ಲಿ ‘ಎ’ ಬಂದರೆ ನಮ್ಮ ನಾಲಿಗೆ ತೆಳುವಾಗಿ ‘ಯ’ ಸೇರಿಸುತ್ತದೆ, ‘ಒ’ ಬಂದರೆ ‘ವ’. ಯೆಲೆ, ಯೆಮ್ಮೆ, ವೊಂದು, ವಲೆ ಎಂಬ ತಪ್ಪುಗಳು ಅಲ್ಲಿಂದ ಬರುತ್ತವೆ. ಇಲ್ಲಿ ಕಿವಿಯನ್ನು ನಂಬಿಸಿ ಪ್ರಯೋಜನವಿಲ್ಲ, ದೊಡ್ಡವರೂ ಹಾಗೇ ಅನ್ನುತ್ತೇವೆ. ಎಲೆ, ಎಮ್ಮೆ, ಎಣ್ಣೆ, ಎರಡು, ಒಂದು, ಒಲೆ, ಒಳಗೆ ಎಂಬ ಏಳೆಂಟು ಪದಗಳ ಪಟ್ಟಿ ಬರೆದು ಫ್ರಿಜ್ಜಿನ ಮೇಲೋ ಬಾಗಿಲ ಮೇಲೋ ಅಂಟಿಸಿ, ಕಣ್ಣಿಗೆ ರೂಢಿಯಾಗಲಿ. ‘ಶ, ಷ’ಗಳದ್ದೂ ಅದೇ ಕತೆ. ಎರಡೂ ಬಾಯಲ್ಲಿ ಒಂದೇ ಆಗಿಬಿಟ್ಟಿವೆ. ‘ಟ’ಕ್ಕಿಂತ ಮುಂಚೆ ಬಂದರೆ ‘ಷ’ ಎಂಬ ಒಂದು ಗುರುತು ಮಾತ್ರ ಮಕ್ಕಳಿಗೆ ಹೇಳಬಹುದು: ಇಷ್ಟ, ಕಷ್ಟ, ಎಷ್ಟು, ಅಷ್ಟು.

ಒತ್ತಕ್ಷರ

ಮೊದಲು ಸಜಾತೀಯ, ಅಂದರೆ ಅಕ್ಷರಕ್ಕೆ ಅದೇ ಅಕ್ಷರದ ಒತ್ತು. ಕತೆ–ಕತ್ತೆ, ಕಡಿ–ಕಡ್ಡಿ, ಹಳಿ–ಹಳ್ಳಿ ಜೋಡಿಗಳನ್ನು ಕಿವಿಯಲ್ಲೇ ಬೇರೆ ಮಾಡಿಸಿ, ಒತ್ತು ಬಂದಾಗ ಮೇಜು ಗುದ್ದಿಸಿ. ಹೆಚ್ಚಿನ ಒತ್ತುಗಳು ಮೂಲ ಅಕ್ಷರವನ್ನೇ ಟೋಪಿ ತೆಗೆದು ಚಿಕ್ಕದು ಮಾಡಿದಂತಿವೆ, ಕಲಿಸುವ ಕಷ್ಟವಿಲ್ಲ. ತಾಯಿಯ ಮುಖ ಹೋಲದವು ಆರು: ತ, ನ, ಮ, ಯ, ರ, ಲ. ಇವಕ್ಕೆ ತಲಾ ಎರಡು ಮೂರು ದಿನ ಬೇಕು. ಕತ್ತೆ, ಅನ್ನ, ಅಮ್ಮ, ಅಯ್ಯ, ಚಕ್ರ, ಬೆಲ್ಲ ಎಂದು ಒಂದೊಂದಕ್ಕೆ ಒಂದು ಪದ ಕಟ್ಟಿಹಾಕಿ.

ವಿಜಾತೀಯದಲ್ಲಿ, ಅಂದರೆ ಬೇರೆ ಅಕ್ಷರದ ಒತ್ತು ಬಂದಾಗ, ಮಕ್ಕಳು ‘ಪುಸ್ತಕ’ವನ್ನು ‘ಪುತ್ಸಕ’ ಮಾಡುತ್ತಾರೆ. ಕಾರಣ ಇದೆ. ‘ಬಸ್ತಿ’ ಎಂದಾಗ ಕಿವಿಗೆ ಕೇಳುವುದು ಸ್, ಆಮೇಲೆ ತಿ. ಬರೆಯುವಾಗ ಗುಡಿಸು ‘ಸ’ದ ತಲೆಗೆ ಹೋಗುತ್ತದೆ, ‘ತ’ ಬರಿದೇ ಕೆಳಗೆ ಕೂರುತ್ತದೆ. ಕೇಳಿದ್ದು ‘ತಿ’, ಕಣ್ಣಿಗೆ ಕಂಡದ್ದು ‘ಸಿ’. ‘ಮೊದಲು ಕೇಳಿದ್ದು ಮೇಲೆ, ಆಮೇಲೆ ಕೇಳಿದ್ದು ಕೆಳಗೆ, ಚಿಹ್ನೆ ಯಾವಾಗಲೂ ಮೇಲಿನವರ ಪಾಲು’ ಎಂದು ಮೂರು ತುಂಡಾಗಿ ಹೇಳಿಕೊಡಿ. ರಟ್ಟಿನ ಚೀಟಿಗಳಲ್ಲಿ ಸ, ತ-ಒತ್ತು, ಗುಡಿಸು ಬೇರೆಬೇರೆ ಬರೆದು ಜೋಡಿಸಲು ಬಿಟ್ಟರೆ ಇನ್ನೂ ಬೇಗ ಹತ್ತುತ್ತದೆ. ಅಭ್ಯಾಸಕ್ಕೆ ಊರ ಹೆಸರುಗಳೇ ಇವೆ: ಚಿಕ್ಕಮಗಳೂರಿನಲ್ಲಿ ಕ್ಕ, ಚನ್ನರಾಯಪಟ್ಟಣದಲ್ಲಿ ನ್ನ ಮತ್ತು ಟ್ಟ, ಮುಳ್ಳಯ್ಯನಗಿರಿಯಲ್ಲಿ ಳ್ಳ ಮತ್ತು ಯ್ಯ. ಸುಮಾರು ಕ್ರಿ.ಶ. 450ರದೆನ್ನುವ ಕನ್ನಡ ಶಾಸನ ಸಿಕ್ಕ ಬೇಲೂರು ತಾಲೂಕಿನ ಹಲ್ಮಿಡಿಯ ಹೆಸರಲ್ಲೂ ಒಂದು ವಿಜಾತೀಯ ಕೂತಿದೆ.

ಅರ್ಕಾವೊತ್ತು ತಲೆಕೆಳಗು. ಸದ್ದು ಮುಂಚೆ, ಗುರುತು ಆಮೇಲೆ. ‘ಕರ್ನಾಟಕ’ವನ್ನು ಮಗು ‘ಕನಾರಟಕ’ ಎಂದು ಓದುವುದು ಅದಕ್ಕೇ. ‘ಇದು ಒಂದು ಮನೆ ಹಿಂದಕ್ಕೆ ಹಾರುತ್ತದೆ’ ಎಂದು ಬೆರಳಲ್ಲಿ ಬಾಣ ಎಳೆದು ತೋರಿಸಿ.

ಸೊನ್ನೆ ಚಿಕ್ಕದಾದರೂ ಮೋಸಗಾರ. ಅಂಗಡಿ, ಮಂಚ, ಗಂಟೆ, ಹಂದಿ, ಕಂಬ: ಐದರಲ್ಲಿ ಐದು ಬೇರೆ ಸದ್ದು, ಗುರುತು ಒಂದೇ. ಮಕ್ಕಳು ‘ಕಮ್ಬ’, ‘ಹನ್ದಿ’ ಬರೆಯುವುದು ಕಿವಿ ಚುರುಕಾಗಿರುವುದಕ್ಕೆ. ಮೂಗಿನ ಮೇಲೆ ಬೆರಳಿಡಿಸಿ. ಅದುರಿದರೆ, ಹಿಂದೆಯೇ ಬೇರೆ ವ್ಯಂಜನವಿದ್ದರೆ, ಸೊನ್ನೆ. ಮಡಿ–ಮಂಡಿ, ಬಡಿ–ಬಂಡಿ, ಇದು–ಇಂದು.

ಉಕ್ತಲೇಖನ

ದಿನಕ್ಕೆ ಐದು ಪದ. ಮೂರು ಗೊತ್ತಿರುವವು, ಎರಡು ಹೊಸವು. ನೀವು ಪದ ಹೇಳಿ, ಮಗು ಅದನ್ನು ಮತ್ತೆ ಹೇಳಿ, ಚಪ್ಪಾಳೆಗೊಂದು ಸಣ್ಣ ಗೆರೆ ಎಳೆದು, ಗೆರೆಯ ಮೇಲೆ ಅಕ್ಷರ ತುಂಬಲಿ. ಇದರಿಂದ ಅಕ್ಷರ ಬಿಟ್ಟುಹೋಗುವುದು ನಿಲ್ಲುತ್ತದೆ. ತಿದ್ದುವಾಗ ಇಡೀ ಪದಕ್ಕೆ ಅಡ್ಡಗೆರೆ ಹೊಡೆಯದೆ ಸರಿಯಿರುವ ಅಕ್ಷರಗಳಿಗೆ ಒಂದೊಂದು ಚುಕ್ಕಿ ಇಡಿ. ನಾಲ್ಕರಲ್ಲಿ ಮೂರು ಸರಿ ಎಂಬುದು ಮಗುವಿಗೂ ಕಾಣಲಿ, ಎಲ್ಲಿ ನೋಡಬೇಕೆಂಬುದೂ ಗೊತ್ತಾಗಲಿ. ತಪ್ಪಿದ ಪದವನ್ನು ಹತ್ತು ಸಲ ಬರೆಸುವ ರೂಢಿ ಬಿಡಿ. ಮೂರನೇ ಸಾಲಿಗೆಲ್ಲ ಮಗು ‘ಕು ಕು ಕು’ ಎಂದು ಮೇಲಿಂದ ಕೆಳಕ್ಕೆ ಬರೆದು, ಆಮೇಲೆ ‘ದು ದು ದು’ ಎಂದು ಕಂಬ ಏರಿಸುತ್ತಿರುತ್ತದೆ. ಪದ ಅದರ ತಲೆಯೊಳಗೆ ಹೋಗಿಯೇ ಇರುವುದಿಲ್ಲ. ನೋಡಿ, ಮುಚ್ಚಿ, ಒಮ್ಮೆ ಬರೆದು, ತೆರೆದು ಹೋಲಿಸುವುದನ್ನು ಎರಡು ಸಲ ಮಾಡಿಸಿದರೆ ಸಾಕು. ಅದೇ ಪದವನ್ನು ನಾಳೆ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ ಕೇಳಿ.

ಜೊತೆಗೆ ಇಂಗ್ಲಿಷ್ ಇದ್ದರೆ

ಎಲ್‌ಕೆಜಿಯಲ್ಲೇ ಇಂಗ್ಲಿಷ್ ಶುರುವಾಗಿರುತ್ತದೆ, ತಪ್ಪಿಸಲಾಗದು. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಸದ್ದು. ಇಂಗ್ಲಿಷಿನಲ್ಲಿ ಹೆಸರು ‘ಬಿ’, ಸದ್ದು ‘ಬ್’. ಹೆಸರು ಮಾತ್ರ ಗೊತ್ತಿರುವ ಮಗು ‘ಸಿ-ಎ-ಟಿ’ ಎಂದು ಎಷ್ಟು ಜೋರಾಗಿ ಹೇಳಿದರೂ ‘ಕ್ಯಾಟ್’ ಹೊರಡುವುದಿಲ್ಲ. ಇನ್ನು ಕನ್ನಡದ ರೂಢಿಯಿಂದ ಸದ್ದಿನ ಹಿಂದೆ ‘ಅ’ ಅಂಟಿಸಿ ಕ-ಅ-ಟ ಎಂದರೆ ‘ಕಟ’ ಆಗುತ್ತದೆ. ಹಾಗಾಗಿ ಕಲಿಸುವ ನೀವೇ ಸದ್ದನ್ನು ಕತ್ತರಿಸಿ ಹೇಳಬೇಕು: ಬ್, ಟ್, ಪ್. ಎಸ್, ಎ, ಟಿ, ಪಿ, ಐ, ಎನ್, ಈ ಆರರ ಸದ್ದು ಬಂದರೆ ಸ್ಯಾಟ್, ಟ್ಯಾಪ್, ಪಿನ್, ಟಿನ್, ನಿಪ್ ಎಂದು ಓದಿಸಬಹುದು. ಕನ್ನಡದ ಪಾಠ ಬೆಳಿಗ್ಗೆಯಾದರೆ ಇದು ಸಂಜೆ, ಒಂದೇ ಕೂತಲ್ಲಿ ಎರಡೂ ಬೇಡ.

ಇಂಗ್ಲಿಷ್ ಪದ ಬರೆಯುವಾಗ ಕೊನೆಯಲ್ಲಿ ‘ಯು’ (u) ಅಕ್ಷರ ಸೇರಿಸುವ ಮಕ್ಕಳಿದ್ದಾರೆ. ಮನೆಯಲ್ಲಿ ಎಲ್ಲರೂ ಪೆನ್ನು, ಬಸ್ಸು, ಕಾರು ಅನ್ನುತ್ತೇವೆ, ಮಗು ಆ ‘ಉ’ವನ್ನೂ ಬರೆಯುತ್ತದೆ. ಪೆನ್ನು ನಮ್ಮನೆ ಪದ, ಪೆನ್ ಅವರ ಪದ ಎಂದು ಹೇಳಿ, ‘ನ್’ ಬಂದ ಕೂಡಲೇ ತುಟಿ ಮೇಲೆ ಬೆರಳಿಟ್ಟು ಸದ್ದು ನಿಲ್ಲಿಸುವುದನ್ನು ನಾಲ್ಕು ದಿನ ಆಡಿಸಿ.